ಮೂರಕ್ಕೆ ಐದು ನಿಮಿಷ ಇರುವಾಗ ನಿಲ್ಲುವ ಗ್ರೈಂಡರ್

ಕಲ್ಯಾಣ ಸ್ಟೇಷನ್ನಿನ ಹೊರಗೆ, ಮೊಬೈಲ್ ಕವರ್ ಮಾರುವವರ ಸಾಲಿನ ಹಿಂದೆ, ಬೋರ್ಡ್ ರಿಪೇರಿಯ ಒಂದು ಸಣ್ಣ ಅಂಗಡಿ ಇದೆ. ನಮ್ಮ ಹೋಟೆಲಿನ ಗ್ರೈಂಡರಿನ ಬೋರ್ಡನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿದ. ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ... ಧೂಪದ ಹಾಗೆ, ಆದರೆ ಸ್ವಲ್ಪ ಖಾರ. ಮೂಗಿಗೆ ತಾಗಿದ್ದೇ ತಡ, ನಾನು ವರ್ಷಗಳ ಹಿಂದಿನ, ಡೊಂಬಿವಲಿಯ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿದ್ದೆ. ಕೈಯಲ್ಲಿ ಟಾರ್ಚು, ಎದುರಿಗೆ ಒದ್ದೆ ನೆಲದ ಮೇಲೆ ಗೋಣಿ ಹಾಸಿ ಕೂತ ಅಕ್ಕ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಹೋಟೆಲಿಗೆ ಸೇರಿದವನು. ಅಕ್ಕ ಐಟಿಐ ಮುಗಿಸಿ ಬಂದಳು. ಬಂದವಳನ್ನು ಅಪ್ಪ ಗಲ್ಲಾದಲ್ಲಿ ಕೂರಿಸಿದರು. ಅವಳ ಕಣ್ಣು ಮಾತ್ರ ಕೆಟ್ಟ ವಸ್ತುಗಳ ಮೇಲೆ. ಮಿಕ್ಸಿ, ಫೋನು, ಮೇಲಿನ ಮಹಡಿಯ ಮರಾಠಿ ಕಾಕಿಯ ವಾಷಿಂಗ್ ಮಿಶಿನ್, ಯಾವುದು ಕೆಟ್ಟರೂ ಅವಳ ಮುಖ ಅರಳುತ್ತಿತ್ತು. ಕೆಟ್ಟದ್ದನ್ನು ಸರಿ ಮಾಡಿದರೆ ಸಾಲದು, ಯಾಕೆ ಕೆಟ್ಟಿತು ಎಂದು ಗೊತ್ತಾಗುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಲ ನಮ್ಮ ದೊಡ್ಡ ಗ್ರೈಂಡರಿಗೇ ರೋಗ ಬಂತು. ಇಡ್ಲಿ ಹಿಟ್ಟು ಅರ್ಧ ರುಬ್ಬಿ ನಿಂತುಬಿಡುತ್ತಿತ್ತು. ಎಷ್ಟು ನಿಮಿಷ ತಿರುಗಬೇಕು, ಯಾವಾಗ ನೀರು ಬಿಡಬೇಕು ಎಂದು ಹೇಳುವ ಅಂಗೈಯಗಲದ ಬೋರ್ಡ್ ಅದರೊಳಗಿತ್ತು. ಮೆಕ್ಯಾನಿಕ್ ಬಂದು ನೋಡಿ, ಬೋರ್ಡನ್ನೇ ಬದಲಾಯಿಸಬೇಕು ಎಂದು ಹೋದ.

"ಹೊಟ್ಟೆನೋವು ಅಂದ್ರೆ ಹೊಟ್ಟೆಯನ್ನೇ ತೆಗೀತಾನಾ ಇವ?" ಎಂದಳು ಅಕ್ಕ.

ಎರಡು ದಿನ ಅವಳು ಗ್ರೈಂಡರಿನ ಬುಡ ಬಿಟ್ಟು ಏಳಲಿಲ್ಲ. ನಾನು ಅವಳ ಸಹಾಯಕ. ಹೊಗೆ ಎಳೆಯುವ ದೊಡ್ಡ ಫ್ಯಾನಿನ ಮೇಲೆ ಅವಳಿಗೆ ಅನುಮಾನ. ನನ್ನ ಕೈಗೆ ಮೀಟರ್ ಕೊಟ್ಟು, ಅಡುಗೆಭಟ್ಟರನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದಳು.

"ಭಟ್ರೇ, ಫ್ಯಾನ್ ಹಾಕಿ. ತೆಗೀರಿ. ಹಾಕಿ. ತಮ್ಮ, ನೀನು ನಂಬರ್ ಓದು ಮಾರಾಯ, ನನ್ನ ಮುಖ ಎಂತ ನೋಡ್ತಿ? ರಿಪೇರಿ ಬೋರ್ಡಿಗೆ, ನನಗಲ್ಲ."

"ಐದು... ಐದು... ಐದು..." ಎಂದು ಓದುತ್ತಿದ್ದೆ. ಭಟ್ಟರು ಮತ್ತೆ ಸ್ವಿಚ್ ಒತ್ತಿದರು. "ಮೂರೂವರೆ!" ಎಂದು ನಾನು ಕೂಗಿದ್ದೂ ಗ್ರೈಂಡರ್ ನಿಂತದ್ದೂ ಒಟ್ಟಿಗೇ. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದಳು. "ಸಿಕ್ಕಿದ ಕಳ್ಳ!" ಫ್ಯಾನ್ ಶುರುವಾದಾಗ ಬೋರ್ಡಿಗೆ ಹೋಗುವ ಕರೆಂಟು ಕುಸಿಯುತ್ತಿತ್ತು, ಅದು ತಲೆ ತಿರುಗಿ ಮೊದಲಿನಿಂದ ಎಣಿಸುತ್ತಿತ್ತು. ಅಷ್ಟೇ ರೋಗ. ಆ ಗುದ್ದಿನ ಖುಷಿ ಈಗಲೂ ನನ್ನ ಬೆನ್ನಿನಲ್ಲಿದೆ. ಶಾಲೆಯಲ್ಲಿ ಒಂದು ಲೆಕ್ಕವೂ ಸರಿ ಬಾರದವನು, ಅವತ್ತು ನಾನೂ ಏನನ್ನೋ ಕಂಡುಹಿಡಿದಿದ್ದೆ.

ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಬೋರ್ಡಿನ ಚಿಪ್ಪಿನೊಳಗಿನ ಹಳೆಯ ಪ್ರೋಗ್ರಾಂ ಅವಳಿಗೆ ಹಿಡಿಸಲಿಲ್ಲ. ಮಳೆಗಾಲದ ಅಕ್ಕಿಗೂ ಬೇಸಿಗೆಯ ಅಕ್ಕಿಗೂ ಒಂದೇ ನೀರು ಬಿಡುತ್ತದೆ, ಇದಕ್ಕೆ ಅಡುಗೆ ಗೊತ್ತಿಲ್ಲ ಎಂದಳು. ಹೊಸ ಚಿಪ್ ತಂದು, ಹಳೆಯ ಲ್ಯಾಪ್‌ಟಾಪಿನಲ್ಲಿ ತಾನೇ ಪ್ರೋಗ್ರಾಂ ಬರೆಯತೊಡಗಿದಳು. ಪಕ್ಕದಲ್ಲಿ ಭಟ್ಟರನ್ನು ಕೂರಿಸಿಕೊಂಡು, ಎಷ್ಟು ನೀರು, ಎಷ್ಟು ಹೊತ್ತಿಗೆ ಎಂದು ಕೇಳಿ ಕೇಳಿ ಬರೆದಳು. ಗ್ರೈಂಡರ್ ಹಾಕಿದ ಕೂಡಲೇ ಸಣ್ಣ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಕ್ಕಿ ನೆನೆಸಿದ್ದೀರಾ?' ಎಂದು ಬರುವ ಹಾಗೆ ಮಾಡುತ್ತೇನೆ ಎಂದಾಗ ಭಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಘಣಸೋಲಿಯಲ್ಲಿ ಹೋಟೆಲ್ ಯಂತ್ರಗಳ ವರ್ಕ್‌ಶಾಪ್ ಇಟ್ಟಿದ್ದ ಕುಂದಾಪುರದವರೊಬ್ಬರು ಆಗಾಗ ಊಟಕ್ಕೆ ಬರುತ್ತಿದ್ದರು. ಸುದ್ದಿ ಕೇಳಿ ಅವರು ಅಕ್ಕನಿಗೆ ಹೇಳಿದರು: "ಗುರುವಾರ ಐದು ಗಂಟೆಗೆ ಬತ್ತೆ. ಓಡ್ಸಿ ತೋರ್ಸು. ಓಡಿದ್ರೆ ನನ್ನ ವರ್ಕ್‌ಶಾಪಲ್ಲಿ ಒಂದು ಟೇಬಲ್ ನಿಂದೇ."

ಗಲ್ಲಾದಿಂದ ಎದ್ದು ಹೋಗಲು ಅವಳಿಗೆ ಸಿಕ್ಕಿದ ಒಂದೇ ಬಾಗಿಲು ಅದು.

ನಮ್ಮಲ್ಲೊಂದು ಕ್ರಮವಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಮೂರು ಹೊಡೆದ ಕೂಡಲೇ ಅಡುಗೆಮನೆಯ ಮೇನ್ ಸ್ವಿಚ್ ತೆಗೆದು, ಪೈಪ್ ಹಿಡಿದು ನೆಲ ತೊಳೆಯುವುದು. ಅದು ನನ್ನ ಕೆಲಸ. ಗುರುವಾರ ಬೆಳಿಗ್ಗೆಯೇ ಅಕ್ಕ ಹೇಳಿದ್ದಳು: "ಇವತ್ತು ನಾನು ಹೇಳದೆ ಮೇನ್ ಮುಟ್ಟಬೇಡ, ಗೊತ್ತುಂಟಲ್ಲಾ?" ಗೊತ್ತುಂಟು ಎಂದಿದ್ದೆ.

ಮೂರು ಗಂಟೆಗೆ ಅವಳು ಗ್ರೈಂಡರಿನ ಹಿಂದೆ ಬಗ್ಗಿ ಕೂತು, ಬೋರ್ಡಿಗೆ ವಯರ್ ಸಿಕ್ಕಿಸಿ ಚಿಪ್ಪಿಗೆ ಪ್ರೋಗ್ರಾಂ ತುಂಬುತ್ತಿದ್ದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕ್ರಿಕೆಟ್ ಕೇಳುತ್ತಾ ಬಂದೆ. ಗಡಿಯಾರ ನೋಡಿದೆ. ಕೈ ತಾನಾಗಿ ಮೇಲೆ ಹೋಯಿತು. ಮೇನ್ ತೆಗೆದೆ.

ಅಯ್ಯೋ ಎಂದು ಮತ್ತೆ ಹಾಕುವಷ್ಟರಲ್ಲಿ ಎರಡು ಸೆಕೆಂಡ್ ಆಗಿರಬಹುದು. ಗ್ರೈಂಡರಿನ ಹಿಂದಿನಿಂದ ಅವಳ ದನಿ ಬಂತು. "ಕರೆಂಟ್ ಹೋಯ್ತಾ?"

"ಹೋಗಿ ಬಂತು" ಎಂದೆ.

ಅಷ್ಟೇ ನಾನು ಹೇಳಿದ್ದು. ಹೆದರಿ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಹೆದರಿಕೆಯೊಂದೇ ಅಲ್ಲ. ಅಕ್ಕ ಘಣಸೋಲಿಗೆ ಹೋದರೆ ಈ ಹೋಟೆಲಿನಲ್ಲಿ ಅಪ್ಪನ ಎದುರು ನಾನೊಬ್ಬನೇ ಉಳಿಯುತ್ತೇನೆ ಎಂಬ ಸಂಕಟ ಎಲ್ಲೋ ಒಳಗಿತ್ತು... ಬೇಕೆಂದು ತೆಗೆಯಲಿಲ್ಲ, ದೇವರಾಣೆ. ಆದರೆ ಆಮೇಲೆ ಬಾಯಿ ಬಿಡದಿದ್ದುದು ಬೇಕೆಂದೇ.

ಚಿಪ್ ಸತ್ತಂತೆ ಬಿದ್ದಿತ್ತು. ಏನು ಕೇಳಿದರೂ ಉತ್ತರವಿಲ್ಲ. ಐದಕ್ಕೆ ಕುಂದಾಪುರದವರು ಬಂದು, ಚಹಾ ಕುಡಿದು, "ಇರಲಿ, ಮುಂದೆ ಕಾಂಬ" ಎಂದು ಹೋದರು. ಇದ್ದ ಬೋರ್ಡನ್ನೂ ಹಾಳು ಮಾಡಿದಳು ಎಂದು ಅಪ್ಪ ಎಲ್ಲರ ಎದುರು ಕೂಗಾಡಿದರು. ಅಕ್ಕ ತಲೆ ತಗ್ಗಿಸಿ, "ನನ್ನದೇ ತಪ್ಪಪ್ಪ, ಬೋರ್ಡಿಗೊಂದು ಬ್ಯಾಟರಿ ಕೊಟ್ಟು ಮಾಡಬೇಕಿತ್ತು" ಎಂದಳು. ನಾನು ಪೈಪ್ ಹಿಡಿದು ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ನಾಷ್ಟಾದ ಗದ್ದಲದ ನಡುವೆ ಅವಳು ನನ್ನನ್ನು ಎಳೆದುಕೊಂಡು ಹೋದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಸತ್ತಿಲ್ಲ ತಮ್ಮ! ಇದಕ್ಕೆ ತಾಳ ತಪ್ಪಿದೆ, ಅಷ್ಟೇ." ತಾಳವನ್ನು ಒಳಗಿನಿಂದಲೇ ಹಿಡಿಯಬೇಕೋ ಹೊರಗಿನಿಂದ ಕೇಳಬೇಕೋ ಎಂದು ಚಿಪ್ಪಿಗೆ ಮೊದಲೇ ಹೇಳಿಡಬೇಕಂತೆ. ಸರಿಯಾಗಿ ಅದನ್ನು ಬರೆಯುವಾಗಲೇ ಕರೆಂಟ್ ಹೋಗಿ, ಚಿಪ್ ಹೊರಗಿನ ತಾಳಕ್ಕೆ ಕಾದು ಕೂತಿತ್ತು. "ಚೆಂಡೆ ಬೀಳದೆ ವೇಷ ಹೇಗೆ ಕುಣಿಯುದು ಹೇಳು?" ಎಂದು, ತಾಳ ಹಾಕಲು ಇನ್ನೊಂದು ಬೋರ್ಡ್ ತೆಗೆದಳು. ಅದರಿಂದ ಒಂದು ವಯರ್ ಎಳೆದು, ಸತ್ತ ಚಿಪ್ಪಿನ ಒಂದು ಕಾಲಿಗೆ ಮುಟ್ಟಿಸಿ ಹಿಡಿಯಲು ನನಗೆ ಹೇಳಿದಳು. ಅವಳು ಲ್ಯಾಪ್‌ಟಾಪಿನಲ್ಲಿ ಒತ್ತಿದಳು. ಇಲ್ಲ. ಮತ್ತೆ ಒತ್ತಿದಳು. ಇಲ್ಲ. "ಸ್ವಲ್ಪ ಗಟ್ಟಿ ಹಿಡಿ." ಮತ್ತೆ ಒತ್ತಿದಳು.

"ಬಂತು! ಬಂತು! ಮಾತಾಡಿತು!"

ಗಲ್ಲಾದ ಹತ್ತಿರ ಬಿಲ್ಲು ಕೊಡಲು ನಿಂತ ಗಿರಾಕಿಗಳೆಲ್ಲ ಬಗ್ಗಿ ಒಳಗೆ ನೋಡಿದರು. ಅರ್ಧ ಗಂಟೆಯಲ್ಲಿ ಪರದೆ ಬೆಳಗಿ, ಅಕ್ಕಿ ನೆನೆಸಿದ್ದೀರಾ ಎಂದು ಕೇಳಿತು. ಭಟ್ಟರು ಕೈಮುಗಿದು, "ನೆನೆಸಿದ್ದೇವೆ ಮಾರಾಯ್ತಿ" ಎಂದರು. ಅಷ್ಟು ಸಂತೋಷದ ಬೆಳಗು ನಮ್ಮ ಹೋಟೆಲಿನಲ್ಲಿ ಮತ್ತೊಂದಿಲ್ಲ. ಆದರೆ ಅಕ್ಕ ಘಣಸೋಲಿಗೆ ಫೋನ್ ಮಾಡಿದಾಗ ಆ ಟೇಬಲಿಗೆ ಬೇರೆಯವರು ಬಂದಾಗಿತ್ತು.

ಮುಂದೆ ಅವಳು ಆ ಬೋರ್ಡಿಗೆ, ನಾಣ್ಯದಂಥ ಬ್ಯಾಟರಿ ಹಾಕಿ ಒಂದು ಗಡಿಯಾರವನ್ನೂ ಕೂಡಿಸಿದಳು. ಅಂದಿನಿಂದ ದಿನಾ ಮೂರಕ್ಕೆ ಐದು ನಿಮಿಷ ಇರುವಾಗ ಗ್ರೈಂಡರ್ ತಾನಾಗಿ ನಿಲ್ಲುತ್ತಿತ್ತು. ಮೇನ್ ಮತ್ತೆ ಹಾಕಿದರೆ, ಬಿಟ್ಟಲ್ಲಿಂದ ರುಬ್ಬುತ್ತಿತ್ತು. "ಮಿಶಿನಿಗೂ ಮಧ್ಯಾಹ್ನದ ನಿದ್ದೆ" ಎಂದು ಅಪ್ಪ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಅಕ್ಕ ಗಲ್ಲಾದಲ್ಲೇ ಉಳಿದಳು. ಎರಡು ವರ್ಷದ ಹಿಂದೆ, ಮಳೆಗಾಲದ ಡೆಂಗ್ಯೂ ಜ್ವರದಲ್ಲಿ ಐದೇ ದಿನಕ್ಕೆ ಹೋಗಿಬಿಟ್ಟಳು.

ಕಲ್ಯಾಣದ ಅಂಗಡಿಯವನು ಬೋರ್ಡ್ ತಿರುಗಿಸಿ ನೋಡಿ, ನೀರು ಹೋಗಿ ಚಿಪ್ ಸುಟ್ಟಿದೆ, ಹೊಸದು ಹಾಕಬಹುದು, ಪ್ರೋಗ್ರಾಂ ಎಲ್ಲಿಂದ ತರಲಿ ಎಂದು ಹಿಂದಿಯಲ್ಲಿ ಕೇಳಿದ. ನಾನು ಜೇಬಿನಿಂದ ಪೆನ್ ಡ್ರೈವ್ ತೆಗೆದೆ. ಗ್ರೈಂಡರಿನ ಪೆಟ್ಟಿಗೆಯೊಳಗೆ ಕರ್ಪೂರದ ಡಬ್ಬಿಯಲ್ಲಿ ಅಕ್ಕ ಇಟ್ಟಿದ್ದು. ಅವನು ಅದನ್ನು ತೆರೆದು ಓದುತ್ತಾ ಹೋದ. "ಕ್ಯಾ ಮಸ್ತ್ ಲಿಖಾ ಹೈ, ಸೇಠ್!" ಎಂದು ಹೊಗಳಿದ. ಓದುತ್ತಾ ಒಂದು ಸಾಲಿನಲ್ಲಿ ನಿಂತ.

"ಯೇ ಕ್ಯಾ ಹೈ? ದೋ ಪಚ್‌ಪನ್ ಕೋ ಮಿಶಿನ್ ಬಂದ್. ಬಾಜೂ ಮೇಂ ಕುಛ್ ಲಿಖಾ ಹೈ, ಆಪ್ ಕೀ ಭಾಷಾ ಮೇಂ."

ಎರಡು ಐವತ್ತೈದಕ್ಕೆ ಮಿಶಿನ್ ನಿಲ್ಲಿಸುವ ಸಾಲು, ಪಕ್ಕದಲ್ಲಿ ನಮ್ಮ ಭಾಷೆಯ ಒಂದು ಮಾತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಹಿಡಿಯಿತು. 'ತಮ್ಮ ನೆಲ ತೊಳೆಯುವ ಹೊತ್ತು.'

ಆಗ ನೆನಪಾಯಿತು. ಆ ಗುರುವಾರ ಅಡುಗೆಮನೆಯ ಮೇನ್ ತೆಗೆದಾಗಲೂ ಹೊರಗೆ ಗಿರಾಕಿಗಳ ತಲೆಯ ಮೇಲಿನ ದೀಪಗಳು ಉರಿಯುತ್ತಲೇ ಇದ್ದವು. ಪ್ರತಿ ದೋಷಕ್ಕೂ ಕಾರಣ ಹುಡುಕುವವಳು ಅದನ್ನು ನೋಡದೆ ಇರುತ್ತಾಳೆಯೇ? ಅವಳಿಗೆ ಗೊತ್ತಿತ್ತು. ನನ್ನನ್ನು ಹಿಡಿದುಕೊಡಲಿಲ್ಲ. ನನ್ನ ಕೈಯಿಂದ ಇನ್ನೊಮ್ಮೆ ಕೆಡದ ಹಾಗೆ ಮಿಶಿನನ್ನು ತಿದ್ದಿ, ನಾನೇ ಹೇಳಲಿ ಎಂದು ಕಾದಳೋ ಏನೋ... ಏಳು ವರ್ಷ ಅವಳು ನನ್ನೆದುರೇ ಕೂತಿದ್ದಳು.

"ನಿಕಾಲ್ ದೂಂ ಯೇ ಲೈನ್?" ಎಂದು, ಆ ಸಾಲನ್ನು ತೆಗೆಯಲೇ ಎಂಬಂತೆ ಬೆರಳಿಟ್ಟ ಅಂಗಡಿಯವನು. "ರಹನೇ ದೋ" ಎಂದೆ, ಇರಲಿ ಬಿಡು ಎಂದು.

ಈಗ ಗ್ರೈಂಡರ್ ಮತ್ತೆ ಓಡುತ್ತಿದೆ. ಮೊದಲ ಸಲ ಪರದೆ ಬೆಳಗಿದಾಗ ನಾನು ಬಂತು ಬಂತು ಎಂದು ಕೂಗಿಬಿಟ್ಟೆ. ಬೆನ್ನಿಗೆ ಗುದ್ದಲು ಯಾರೂ ಇರಲಿಲ್ಲ. ಮೂರಕ್ಕೆ ಐದು ನಿಮಿಷ ಇರುವಾಗ ಅದು ತಾನಾಗಿ ನಿಲ್ಲುತ್ತದೆ. ನಾನು ಪೈಪ್ ಹಿಡಿದು ಹೋಗಿ, ಸ್ವಿಚ್ಚಿಗೆ ಕೈ ಹಾಕುವ ಮೊದಲು, "ಅಕ್ಕಾ, ಮೇನ್ ತೆಗೀತಾ ಇದ್ದೇನೆ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೊಸ ಅಡುಗೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಭಟ್ಟರು ಮಾತ್ರ ಸೌಟು ಕೆಳಗಿಟ್ಟು ಗ್ರೈಂಡರಿನ ಕಡೆಗೆ ತಿರುಗುತ್ತಾರೆ.