ಜೇಬಿನಲ್ಲಿದ್ದ ಫ್ಯೂಸು

ಇಂಥ ಅನುಭವ ಹೇಳಿಕೊಳ್ಳುವವರನ್ನು ಕಂಡರೆ, “ಮೊದಲು ಮನೆಯ ಅರ್ಥಿಂಗ್ ನೋಡಿಸಿ” ಎಂದು ಗೇಲಿ ಮಾಡುತ್ತಿದ್ದವನು ನಾನು. ಶಿವಮೊಗ್ಗದ ಗೋಪಾಳದಲ್ಲಿ ಎಲೆಕ್ಟ್ರಿಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಾರಣವಿಲ್ಲದೆ ಯಾವ ದೀಪವೂ ಹತ್ತುವುದಿಲ್ಲ, ಆರುವುದಿಲ್ಲ ಎಂದೇ ನಂಬಿದ್ದೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತಿದೆ. ನೀವು ನಕ್ಕರೂ ಬೇಸರವಿಲ್ಲ.

ನನಗೆ ಈ ಕೆಲಸ ಕಲಿಸಿದವರು ಅಕ್ಕನ ಗಂಡ, ನನ್ನ ಭಾವ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಲೈನಿಗೆ ಕೈ ಹಾಕುವ ಮೊದಲು ಫ್ಯೂಸ್ ಕಿತ್ತು ನಮ್ಮ ಜೇಬಿಗೇ ಹಾಕಿಕೊಳ್ಳಬೇಕು, ತಿಳಿಯದೆ ಯಾರಾದರೂ ಸಿಕ್ಕಿಸಿದರೆ ಜೀವಕ್ಕೇ ಕುತ್ತು ಎನ್ನುವುದು ಅವರ ಪಾಠ. ನಾನು ಏಣಿ ಹತ್ತಿದಾಗಲೆಲ್ಲ ಫ್ಯೂಸ್ ಜೇಬಲ್ಲಿದೆಯಾ ಎಂದು ಕೆಳಗಿನಿಂದ ಕೇಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಭಾವನಿಗೆ ಹೃದಯದ ಆಪರೇಷನ್ ಆಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಧ್ಯಾಹ್ನ ಅವರನ್ನು ಒಳಗೆ ಕರೆದೊಯ್ದ ಮೇಲೆ, ಅಕ್ಕನನ್ನು ಕರೆತರಲು ಭದ್ರಾವತಿಯ ನ್ಯೂಟೌನ್‌ಗೆ ಹೋದೆ. ಅಕ್ಕ ಹೊರಡಲಿಲ್ಲ. ಕರೆಂಟ್ ಹೋದಾಗ ಬೇಕೆಂದು ಭಾವ ತಾವೇ ಜೋಡಿಸಿದ್ದ, ಹನ್ನೆರಡು ವೋಲ್ಟ್ ಬ್ಯಾಟರಿಯ ಪುಟ್ಟ ಟ್ಯೂಬ್‌ಲೈಟ್ ಅಡುಗೆಮನೆಯಲ್ಲಿತ್ತು. ಅದು ಬೆಳಿಗ್ಗೆಯಿಂದ ಹತ್ತಿರಲಿಲ್ಲ.

“ಇದು ಹತ್ತಿದ್ರೆ ಅವರೂ ವಾಪಸ್ ಬರ್ತಾರೆ. ಅಲ್ಲೀವರೆಗೂ ನಾನು ಬರಲ್ಲ ಕಣೋ.”

“ಎಂಥಾ ಮಾತಾಡ್ತೀಯಕ್ಕ ಮಾರಾಯ್ತಿ!” ಎಂದು ರೇಗಿದರೂ ಸ್ಟೂಲು ಹತ್ತಿದೆ.

ಬ್ಯಾಟರಿಗೆ ಮೀಟರ್ ಹಿಡಿದೆ, ಸರಿಯಾಗಿತ್ತು. ಹೋಲ್ಡರಿನ ಪಿನ್ನುಗಳ ಕಿಲುಬು ಕೆರೆದೆ. ಚೀಲದಲ್ಲಿದ್ದ ಹೊಸ ಟ್ಯೂಬ್ ಹಾಕಿ ನೋಡಿದೆ. ಊಹೂಂ. ಕೊನೆಗೆ ಬ್ಯಾಟರಿಯಿಂದ ಬರುವ ತಂತಿಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮುಚ್ಚಳ ಬಿಚ್ಚಿದರೆ, ಟ್ಯೂಬ್ ಹತ್ತಿಸುವ ಟ್ರಾನ್ಸಿಸ್ಟರೇ ಸುಟ್ಟು ಕರಕಲಾಗಿತ್ತು. ಅಂಥದ್ದು ನನ್ನ ಬಳಿ ಇನ್ನೊಂದಿರಲಿಲ್ಲ. ಅಕ್ಕ ಕೆಳಗೆ ಸ್ಟೂಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಏನನ್ನೂ ನಂಬದ ನನಗೂ ಭಯವಾಗಿತ್ತು.

ಏನಾದರೊಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಆಗ ಟ್ಯೂಬ್ ಹತ್ತಿತು.

ಒಮ್ಮೆಯೂ ಮಿಣುಕಲಿಲ್ಲ. ಅಕ್ಕನ ಮುಖ, ಒಲೆಯ ಮೇಲಿನ ಹಾಲಿನ ಪಾತ್ರೆ ಎಲ್ಲ ಬೆಳ್ಳಗೆ ಕಂಡವು. ಜೇಬು ಮುಟ್ಟಿಕೊಂಡೆ, ಫ್ಯೂಸ್ ಅಲ್ಲೇ ಇತ್ತು. ಹತ್ತು ಎಣಿಸುವಷ್ಟು ಹೊತ್ತು ಉರಿದು ಆರಿಹೋಯಿತು. ಅಕ್ಕ ಕೂಡಲೇ ಚಪ್ಪಲಿ ಮೆಟ್ಟಿದಳು. ಫ್ಯೂಸಿನ ವಿಷಯ ನಾನು ಅವಳಿಗೂ ಹೇಳಲಿಲ್ಲ.

ಮರುದಿನ ಭಾವನಿಗೆ ಎಚ್ಚರವಾದಾಗ ಮೊದಲು ನನ್ನನ್ನು ಒಳಗೆ ಬಿಟ್ಟರು. ಅವರು ಕಷ್ಟಪಟ್ಟು ಕಣ್ಣು ತೆರೆದು, “ಫ್ಯೂಸ್ ಜೇಬಲ್ಲೇ ಇದೆ ತಾನೇ?” ಎಂದರು.

ಮತ್ತಿನ ಕನವರಿಕೆಯಿರಬಹುದು, ಹಳೆಯ ಅಭ್ಯಾಸದ ಮಾತಿರಬಹುದು. ಆಮೇಲೆ ಬಿಚ್ಚಿ ತಂದ ಆ ಟ್ರಾನ್ಸಿಸ್ಟರನ್ನು ಇವತ್ತಿಗೂ ಅಂಗಡಿಯ ಡಬ್ಬಿಯಲ್ಲಿಟ್ಟಿದ್ದೇನೆ. ಎಷ್ಟೋ ಸಲ ಮೀಟರ್ ಹಿಡಿದು ನೋಡಿದ್ದೇನೆ, ಅದು ಸತ್ತೇ ಇದೆ. ನನಗಂತೂ ಏನೂ ಅರ್ಥವಾಗಿಲ್ಲ.

ಅವತ್ತು ಮಾತ್ರ “ಇದೆ ಭಾವ” ಎಂದೆ. ರಾತ್ರಿಯೆಲ್ಲ ಆಸ್ಪತ್ರೆಯಲ್ಲೇ ಇದ್ದವನು ಅಂಗಿ ಬದಲಿಸಿರಲಿಲ್ಲ. ಫ್ಯೂಸ್ ನಿಜಕ್ಕೂ ಜೇಬಿನಲ್ಲೇ ಇತ್ತು.