ಗಿರಿಜಾಬಾಯಿಯ ಈಜಿಪ್ತು

ಸೋಲಾಪುರದ ಚಾದರ ವ್ಯಾಪಾರಿ ನಾಗಣ್ಣನವರಿಗೆ ಅರವತ್ತು ದಾಟಿದ ಮೇಲೆ ಈಜಿಪ್ತಿನ ಹುಚ್ಚು ಹಿಡಿಯಿತು. ಮರಾಠಿಯಲ್ಲಿ ಒಂದು ದಪ್ಪ ಪುಸ್ತಕ ಓದಿದ್ದರು. ಪಕ್ಕದ ಅಂಗಡಿಯವನಾದ್ದರಿಂದ ಅಷ್ಟನ್ನೂ ಕೇಳುವ ಕರ್ಮ ನನ್ನದಾಯಿತು. ಗಿರಾಕಿ ಚಾದರದ ಬಣ್ಣ ಕೇಳಿದರೆ ಇವರು ಹೆಣಕ್ಕೆ ಬಟ್ಟೆ ಸುತ್ತುವ ಕಥೆ ತೆಗೆಯುತ್ತಿದ್ದರು. ಸಾಕಪ್ಪಾ ಸಾಕು!

ಆದರೆ ನಾನು ಹೇಳಹೊರಟಿದ್ದು ಅವರ ಹೆಂಡತಿ ಗಿರಿಜಾಬಾಯಿಯ ಸಂಗತಿ. ಕರಜಗಿಯ ಒಕ್ಕಲು ಮನೆತನದ ಮಗಳು. ಸಾಲಿ ಕಲಿಯುವುದನ್ನು ಬೇಗ ಬಿಟ್ಟವರು. ಮಾತು ಕಡಿಮೆ, ಆಡಿದರೆ ಮಾತ್ರ ಕಡ್ಡಿ ಮುರಿದಂತೆ.

ಒಂದು ಭಾನುವಾರ ನಮ್ಮ ಓದುಗರ ಬಳಗ ಅವರ ಮನೆಯಲ್ಲಿ ಸೇರಿತ್ತು. ನಾಗಣ್ಣ ಓಸಿರಿಸನ ಕಥೆ ಹೇಳಿದರು. ಆ ಅರಸನನ್ನು ತಮ್ಮನೇ ಕೊಂದು, ಹದಿನಾಲ್ಕು ತುಂಡು ಮಾಡಿ ಎಸೆದ. ಹೆಂಡತಿ ಐಸಿಸ್ ಹೊಳೆಯುದ್ದಕ್ಕೂ ಅಲೆದು ತುಂಡುಗಳನ್ನು ಕೂಡಿಸಿ, ಬಟ್ಟೆ ಸುತ್ತಿ, ಜೀವ ತುಂಬಿದಳು. ಸತ್ತವನ ಜೀವವನ್ನು ಆ ಜನ ಮನುಷ್ಯನ ಮುಖದ ಹಕ್ಕಿಯಾಗಿ ಬರೆಯುತ್ತಿದ್ದರು, ಅದು ರಾತ್ರಿಯಾದರೆ ದೇಹಕ್ಕೆ ಮರಳುತ್ತಿತ್ತು. ಇದಕ್ಕೆಲ್ಲ ನಾಗಣ್ಣ ತೆಗೆದ ಅರ್ಥ ಒಂದೇ: ದೇಹ ಬರೀ ಹೊದಿಕೆ, ಮನಸ್ಸೇ ಮನುಷ್ಯ.

"ಅದಕ್ಕ ನಾ ಸತ್ತ ಮ್ಯಾಲ ನನ್ನ ದೇಹ ದವಾಖಾನಿಗೆ ಕೊಡ್ತೀನಂತ ಮಾತ ಕೊಟ್ಟ ಬಂದೀನಿ. ಡಾಕ್ಟರಕಿ ಕಲಿಯೋ ಹುಡುಗರು ಕೊಯ್ದ ನೋಡ್ಲಿ. ಅದರಾಗ ನಾ ಇರಂಗಿಲ್ಲ" ಎಂದರು.

ಚಹಾ ತಂದಿದ್ದ ಗಿರಿಜಾಬಾಯಿ ತಟ್ಟೆಯನ್ನು ಕೆಳಗಿಟ್ಟರು. "ಮನಸ್ಸಷ್ಟ ಸಾಕಾಗಿದ್ರ ಆಕಿ ತುಂಡ ಹುಡುಕ್ಕೋತ ಯಾಕ ಅಡ್ಡಾಡಿದ್ಳ್ರಿ? ಆ ಹಕ್ಕಿ ಯಾಕ ತಿರುಗಿ ಮೈಗೇ ಬರ್ತದ? ಆಕಿಗೆ ಹದಿನಾಲ್ಕ ತುಂಡಾದ್ರೂ ಸಿಕ್ವು. ನನಗೇನ ಬಿಟ್ಟ ಹೋಗ್ತೀರಿ?"

ನಾಗಣ್ಣ ನಕ್ಕರು, ನಾವೂ ನಕ್ಕೆವು. ಆಕೆ ನಗಲಿಲ್ಲ. ನಾವು ಲಿಂಗಾಯತರು ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುವುದು. ಗಂಡನ ಊರಾದ ಕುಂಭಾರಿಯ ಹೊಲದಲ್ಲಿ ಅವರದೊಂದು ಸಮಾಧಿ ಇರಬೇಕು, ಅದಕ್ಕೆ ಹಾಲು ತುಪ್ಪ ಎರೆಯಬೇಕು, ಬೇಸರವಾದಾಗ ಹೋಗಿ ಅದರ ಪಕ್ಕ ಕೂರಬೇಕು. ಆಕೆಗೆ ಬೇಕಾಗಿದ್ದು ಇಷ್ಟೇ. ನಾಗಣ್ಣ ಕೇಳಲಿಲ್ಲ. ದೇಹ ಏನೂ ಅಲ್ಲ ಅನ್ನುವ ಈ ಮಹಾಶಯರು ರೊಟ್ಟಿ ತುಸು ಮೆತ್ತಗಾದರೆ ಮನೆ ಕಿತ್ತುಹೋಗುವಂತೆ ಕೂಗಾಡುತ್ತಿದ್ದರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಜಗಳ ಬಹಳ ದಿನ ನಡೆದು, ಕೊನೆಗೆ "ಮುಂದಿಂದು ನಿನ್ನ ಕೈಯಾಗದ" ಎಂದು ಅವರು ಸುಮ್ಮನಾದರು.

ಹೋದ ವರ್ಷ ಒಂದು ಬೆಳಗ್ಗೆ ನಾಗಣ್ಣ ಮನೆಯಲ್ಲೇ ತೀರಿಕೊಂಡರು. ಕುಂಭಾರಿಯಿಂದ ತಮ್ಮ ಸಾಯಬಣ್ಣ ಬಂದ. ಪದ್ಧತಿಯಂತೆ ಅಣ್ಣನನ್ನು ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ. ಹೊಲದಲ್ಲಿ ಕುಣಿ ತೋಡಲು ಆಳು ಹಚ್ಚಿದ. ಗಿರಿಜಾಬಾಯಿ ಗಂಡನ ಪಕ್ಕ ಕೂತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಎದ್ದು, ಮಗಳು ಪ್ರಾಜಕ್ತಾಳಿಂದ ದವಾಖಾನೆಗೆ ಫೋನು ಮಾಡಿಸಿದರು.

ಸಾಯಬಣ್ಣ ಹೌಹಾರಿ ಅತ್ತಿಗೆಯತ್ತ ತಿರುಗಿದ. "ವೈನಿ, ಏನ ಮಾಡಾಕತ್ತೀರಿ? ಬ್ಯಾಡಂತ ಜಗಳಾಡಿದವ್ರ ನೀವೇ ಅಲ್ರಿ? ಅಣ್ಣ ಈಗ ನೋಡಾಕ ಬರ್ತಾನೇನು?"

"ಬರೋದ್ಯಾಕ, ಇಲ್ಲೇ ಕುಂತಾರಲ್ಲ. ಮಾತ ಕೊಟ್ಟಿದ್ದ ಇದೇ ಬಾಯಿ. ಮಣ್ಣಾಗ ಇಟ್ಟ ಅದನ್ನ ಸುಳ್ಳ ಮಾಡ್ಲೇನು?" ಆಗ ದುಃಖ ಒತ್ತರಿಸಿ ಬಂತು. "ನನಗ ಕುಣಿ ಬೇಕೋ ಸಾಯಬಣ್ಣ, ಭಾಳ ಬೇಕು" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಆಂಬುಲೆನ್ಸ್ ಬರುವಷ್ಟರಲ್ಲಿ ಕೂತ ದೇಹ ಕೂತಂತೆಯೇ ಸೆಟೆದುಹೋಗಿತ್ತು. ಸ್ಟ್ರೆಚರಿನ ಮೇಲೆ ಮಲಗಿಸಲು ಬರಲಿಲ್ಲ. ಇದು ನಮಗ್ಯಾರಿಗೂ ಮೊದಲು ಹೊಳೆದಿರಲಿಲ್ಲ, ನಮ್ಮವರು ಮನೆಯಿಂದ ಹೊರಡುವುದೇ ಕೂತುಕೊಂಡು. ಬಂದವರಲ್ಲೊಬ್ಬ ಮೊಣಕಾಲಿನ ಮೇಲೆ ಕೈಯೂರಿ ಒತ್ತಿದ. ಗಿರಿಜಾಬಾಯಿ ಅವನ ಕೈಯನ್ನು ಸರಿಸಿದರು.

"ತಡೀರಿ, ಜೋರ ಮಾಡಬ್ಯಾಡ್ರಿ. ಅವರಿಗೆ ಮೊಣಕಾಲ ಬ್ಯಾನಿ ಅದ."

ಸಾಯಬಣ್ಣ ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿಕೊಂಡು ಬಂದ.