ಅವ್ವನ ಫೋಟೋ ತೋರಿಸುತ್ತಿದ್ದ ಕಾಕು

ಎಲ್ಲ ಕೆಡತೊಡಗಿದ್ದು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ನೆರೆಯ ಇಂದೂ ಕಾಕುವಿನ ಪಡಸಾಲೆಯಲ್ಲಿ ಚಹಾದ ಕಪ್ಪು ಉರುಳಿದಾಗ. ಉರುಳಿಸಿದವನು ಅವರು ಸಾಕುತ್ತಿದ್ದ ಐದು ವರ್ಷದ ಬಸ್ಯಾ. ಮಸ್ಕತ್‌ನಿಂದ ಅವನ ತಾಯಿ ಮಲ್ಲಮ್ಮನ ಜೊತೆ ಬಂದಿದ್ದ ಅವಳ ಹೊಸ ಗಂಡ ಹುಡುಗನ ಮಣಿಕಟ್ಟು ಹಿಡಿದ. ಹೊಡೆಯಲಿಲ್ಲ, ಬೈಯಲಿಲ್ಲ. ಬಸ್ಯಾ ಅಳಲಿಲ್ಲ, ಕಣ್ಣು ಮುಚ್ಚಿ ಏಟಿಗೆ ಕಾಯುತ್ತ ನಿಂತ. ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಚಿಕ್ಕಮ್ಮ ಎಂಬರ್ಥದಲ್ಲಿ ಎಲ್ಲರೂ ಕಾಕು ಎನ್ನುತ್ತಿದ್ದ ಅವರು ತೆಲುಗು ನಾಡಿನ ಮೆಹದಿಪಟ್ಟಣಂನಲ್ಲಿ ನಮ್ಮ ಕೆಳಗಿನ ಮನೆಯವರು, ಬೀದರ ಕಡೆಯವರು, ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಮಲ್ಲಮ್ಮ ಮನೆಗೆಲಸಕ್ಕೆಂದು ಮಸ್ಕತ್‌ಗೆ ಹೋದ ಮೇಲೆ ನೆಂಟರು ಮಕ್ಕಳ ಕೈಬಿಟ್ಟಿದ್ದರು. ಬಸ್ಯಾ, ಅವನ ಅಕ್ಕ ರೇಣುಕಾ ಇಬ್ಬರಿಗೂ ಕನ್ನಡವಷ್ಟೇ ಬರುತ್ತಿದ್ದುದರಿಂದ ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಯವರು ಕನ್ನಡದ ಮನೆ ಹುಡುಕಿ ಇಲ್ಲಿ ಬಿಟ್ಟರು.

ರಾತ್ರಿ ಬಸ್ಯಾ ಬೆಚ್ಚಿ ಏಳುತ್ತಿದ್ದ. ಅವನ ಮುಷ್ಟಿಗೆ ಸೆರಗಿನ ತುದಿ ಕೊಟ್ಟು ಕಾಕು ಮಲಗುತ್ತಿದ್ದರು. ಆದರೆ ಅವನು ‘ಅವ್ವ’ ಎಂದು ಕರೆದರೆ ಓಗೊಡುತ್ತಿರಲಿಲ್ಲ. ದಿನಾ ಸಂಜೆ ದೀಪ ಹಚ್ಚಿ ಮಲ್ಲಮ್ಮನ ಫೋಟೋ ಅವನ ಮುಂದೆ ಹಿಡಿಯುವರು.

“ಇಕಿ ಯಾರು?”

“ಅವ್ವ.”

“ಮತ್ತ ನಾ?”

“ಕಾಕು.”

“ಶಾಣ್ಯಾ.”

ಒಂದು ದಿನ ನಾನು, “ಅವ್ವ ಅಂದ್ರ ಏನಾಕೈತಿ ಬಿಡ್ರಿ,” ಎಂದೆ.

“ಆಕಿ ಜಾಗಾದಾಗ ನಾ ಕುಂತರ, ಬಂದಾಕಿ ಎಲ್ಲಿ ಕುಂದ್ರಬೇಕ್ರಿ?”

ಆ ಭಾನುವಾರದ ನಂತರ, ಮಕ್ಕಳನ್ನು ತಾಯಿಯ ಜೊತೆ ಕಳಿಸಬೇಕೋ ಬೇಡವೋ ಎಂದು ನಾಂಪಲ್ಲಿಯ ಸಮಿತಿ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿಣಿಗೆ ಕನ್ನಡ ಬಾರದು. ತೆಲುಗಿನಲ್ಲಿ ತಿಳಿಸಲು ನಾನು ಹೋಗಿದ್ದೆ. ಮಣಿಕಟ್ಟು ಹಿಡಿದದ್ದನ್ನೂ ಹೇಳಿದೆ. ಹೊಡೆದನೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ತಾಯಿ ಯಾರು ಎಂದಾಗ ಬಸ್ಯಾ ಮಲ್ಲಮ್ಮನತ್ತ ಕೈ ತೋರಿಸಿದ. ಅವಳು ಅಳುತ್ತಿದ್ದಳು, ಆ ಅಳು ಸುಳ್ಳಲ್ಲ. ಅಧಿಕಾರಿಣಿ ಕಾಕುವಿನತ್ತ ತೋರಿಸಿ, ಇವರು ಯಾರು ಎಂದರು.

“ಕಾಕು.”

ಎಲ್ಲಿರುತ್ತೀ ಎಂದು ರೇಣುಕಾಳನ್ನು ಕೇಳಿದರು. “ತಮ್ಮ ಎಲ್ಲಿರ್ತಾನ, ಅಲ್ಲೇ,” ಅಂದಳು.

ಎಲ್ಲವನ್ನೂ ನಾನೇ ತೆಲುಗಿನಲ್ಲಿ ಹೇಳಿದೆ. ಮಕ್ಕಳು ತಾಯಿಯನ್ನು ಮರೆತಿಲ್ಲ, ಹೋಗಲಿ ಎಂದು ತೀರ್ಮಾನವಾಯಿತು.

ಹೊರಗೆ ಚಪ್ಪಲಿ ಮೆಟ್ಟುತ್ತ ಕಾಕು ಅಂದರು, “ಹುಡುಗ್ರು ಪಾಠ ಚಲೋ ಒಪ್ಪಿಸಿದ್ರು ನೋಡ್ರಿ.”

ಕಾಕು ಈಗಿಲ್ಲ. ಅವರನ್ನು ನೆನೆದರೆ, ಮಕ್ಕಳು ಹೋಗಿ ಎಷ್ಟೋ ತಿಂಗಳ ಮೇಲೆ ಮಲ್ಲಮ್ಮನ ಫೋನು ಬಂದ ದಿನ ಕಣ್ಣಮುಂದೆ ಬರುತ್ತದೆ. ಹಿಂದಿನ ರಾತ್ರಿ ಬಸ್ಯಾ ಒಮ್ಮೆಯೂ ಏಳದೆ ಬೆಳತನಕ ಮಲಗಿದ್ದನಂತೆ.

“ಚಲೋ ಆತು,” ಅಂದರು ಕಾಕು. “ಏನು ಹಿಡಕೊಂಡು ಮಲಗಿದ್ದ?”

ಅಕ್ಕನ ಕೈಯಂತೆ.

“ಮತ್ತ ರೇಣುಕಾ? ಆಕಿ ಮಲಗಿದ್ಲೇನು?”

ಉತ್ತರ ಬರುವ ಮೊದಲೇ ಲೈನು ಕಡಿಯಿತು. ಕಾಕು ಬಹಳ ಹೊತ್ತು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ.